ಮೂರು ಕ್ರೆಡಿಟ್ಟಿಗೆ ಎಂಟು ಜನ ಕೇಳುಗರು

ಗೆ,
ಸನ್ಮಾನ್ಯ ಮೂರು ಕ್ರೆಡಿಟ್ಟುಗಳವರು,
ಮೌಖಿಕ ಸಂವಹನ ವಿಭಾಗ, ಸಾಮಾನ್ಯ ಶಿಕ್ಷಣದ ಕಡ್ಡಾಯ ವಿಷಯಗಳು,
ಬಫೆಲೊ ಬೆಂಡ್ ಕಮ್ಯುನಿಟಿ ಕಾಲೇಜು, ನೆಬ್ರಾಸ್ಕಾ.

ಮಾನ್ಯರೇ,

ನಾನು ಇಲ್ಲಿ ಆಗ್ನೆಸ್ ಎಂಬ ಊರಿನಲ್ಲಿ, ಮರಳುಗುಡ್ಡಗಳ ಗಾಳಿಗೆ ಟೋಪಿ ಹಿಡಿದುಕೊಂಡು, ದೇವರ ದಯೆಯಿಂದ ಇನ್ನೂ ನೆಟ್ಟಗೆ ನಿಂತಿದ್ದೇನೆ. ತಾವು ಮೂವರೂ ಕಾಲೇಜಿನ ಕಂಪ್ಯೂಟರಿನಲ್ಲಿ ನನ್ನ ಹೆಸರಿನ ಮುಂದೆ ಹಸಿರು ಬಣ್ಣ ಬಳಿದುಕೊಂಡು ಸುಖವಾಗಿ ಕುಳಿತಿರುವುದನ್ನು ಇವತ್ತು ಬೆಳಿಗ್ಗೆ ಕಣ್ಣಾರೆ ಕಂಡು, ತಮ್ಮ ಯೋಗಕ್ಷೇಮದ ಬಗ್ಗೆ ನಿಶ್ಚಿಂತಳಾಗಿ ಈ ಪತ್ರಕ್ಕೆ ಕೈ ಹಚ್ಚಿದ್ದೇನೆ. ತಮ್ಮಂಥ ದೊಡ್ಡವರಿಗೆ ದೂರು ಬರೆಯುವವರು ಸಾಮಾನ್ಯವಾಗಿ ತಾವು ಕೈಗೆ ಸಿಗಲಿಲ್ಲವೆಂದು ಬರೆಯುತ್ತಾರೆ. ನನ್ನ ದೂರು ಸ್ವಲ್ಪ ಬೇರೆ ಜಾತಿಯದು. ತಾವು ಸಿಕ್ಕಿದ್ದೀರಿ, ಮೂವರೂ ಸಿಕ್ಕಿದ್ದೀರಿ, ಅದೂ ಪೂರ್ಣ ಅಂಕಗಳ ಸಮೇತ. ನನ್ನ ಸಂಕಟವೆಲ್ಲ ಅಲ್ಲಿಂದಲೇ ಶುರುವಾಗಿದೆ.

ಮೊದಲು ನನ್ನ ಪರಿಚಯ. ನನ್ನ ಹೆಸರು ಲವಾನ್ ಪೊಕೊರ್ನಿ. ಆಗ್ನೆಸ್ ಶಾಲೆಯ ಹಿಂಬದಿಯಲ್ಲಿ, ಊಟದ ಮನೆಗೆ ಅಂಟಿಕೊಂಡ ಕೋಣೆಯಲ್ಲಿ, ಮೂರು-ನಾಲ್ಕು ವರ್ಷದ ಮಕ್ಕಳ ಶಿಶುತರಗತಿಯನ್ನು ಅದು ಶುರುವಾದ ದಿನದಿಂದ ನಡೆಸಿಕೊಂಡು ಬಂದವಳು. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಅರ್ಧದಷ್ಟು ಗಂಡಸರ ಮೂಗು ಒರೆಸಿದ ಕೀರ್ತಿ ನನ್ನದು. ಈಗ ಅವರು ತಮ್ಮ ಮಕ್ಕಳ ಮೂಗನ್ನು ತಂದು ಒಪ್ಪಿಸುತ್ತಿದ್ದಾರೆ. ಹೀಗೆ ಮೂಗಿನಿಂದ ಮೂಗಿಗೆ ನಡೆದುಕೊಂಡು ಹೋಗುತ್ತಿದ್ದ ಬದುಕಿಗೆ ಎರಡು ವರ್ಷದ ಹಿಂದೆ ಅನುದಾನ ಕೊಡುವವರಿಂದ ಒಂದು ಸುತ್ತೋಲೆ ಬಂತು. ತರಗತಿಯ ಮುಖ್ಯ ಶಿಕ್ಷಕಿಗೆ ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಪದವಿ ಇರಲೇಬೇಕು, ಇಲ್ಲದಿದ್ದರೆ ಈ ಆಗಸ್ಟಿನಿಂದ ಅನುದಾನ ಬಂದ್, ಕೋಣೆಗೆ ಬೀಗ. ನನಗೆ ಪದವಿಯ ಮೋಹವಿರಲಿಲ್ಲ, ಮಾನ್ಯರೇ. ಕೋಣೆಯ ಮೋಹವಿತ್ತು. ಹಾಗಾಗಿ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಕಾಲೇಜಿಗೆ ಹೆಸರು ಹಚ್ಚಿದೆ.

ಮಕ್ಕಳ ಬೆಳವಣಿಗೆ, ಮಕ್ಕಳ ಆಹಾರ, ಮಕ್ಕಳ ಮನಸ್ಸು, ಇವೆಲ್ಲ ಸಲೀಸಾಗಿ ಮುಗಿದವು. ಆಮೇಲೆ ತಿಳಿಯಿತು, ಇವು ಪದವಿಯ ಅರ್ಧ ಮಾತ್ರ. ಇನ್ನರ್ಧ ನನ್ನನ್ನು ಸರ್ವಾಂಗೀಣ ವ್ಯಕ್ತಿಯನ್ನಾಗಿ ಮಾಡುವ ಸಾಮಾನ್ಯ ಶಿಕ್ಷಣವೆಂದು. ಅದಕ್ಕೂ ತಲೆಬಾಗಿದೆ. ಬೀಜಗಣಿತ ಕಲಿತು, ಎರಡು ರೈಲುಗಳು ಎದುರುಬದುರು ಹೊರಟರೆ ಎಲ್ಲಿ ಸಂಧಿಸುತ್ತವೆಂದು ಕಂಡುಹಿಡಿದೆ, ನಮ್ಮೂರಿಗೆ ರೈಲು ಬರುವುದು ನಿಂತು ಎಷ್ಟೋ ಕಾಲವಾಗಿದ್ದರೂ. ಕಲಾ ರಸಗ್ರಹಣದಲ್ಲಿ ಬಟ್ಟೆಯಿಲ್ಲದ ಹೆಂಗಸರ ಚಿತ್ರಗಳನ್ನು ಚಳಿಗಾಲವಿಡೀ ನೋಡಿ, ಅವರಿಗಾಗಿ ನಾನೇ ನಡುಗಿದೆ. ಪ್ರಯೋಗಶಾಲೆ ಸಹಿತ ವಿಜ್ಞಾನಕ್ಕೆಂದು ಕಾಲೇಜಿನವರು ಅಂಚೆಯಲ್ಲಿ ಪೆಟ್ಟಿಗೆ ಕಳಿಸಿದರು, ಬಿಚ್ಚಿ ನೋಡಿದರೆ ಒಂದು ಪೊಟ್ಟಣ ಮಣ್ಣು. ನನ್ನ ಗಂಡ ಎಲ್ಡನ್ ಅದನ್ನು ಮೂಸಿ ನೋಡಿ, "ಹೊರಗಡೆ ಇರೋದು ಸಾಲ್ದಂತಾ?" ಎಂದ. "ಅದಕ್ಕೆ ಕ್ರೆಡಿಟ್ ಇಲ್ಲ" ಎಂದೆ. ಅವನು ಕಿಟಕಿಯಿಂದಾಚೆ ಕ್ಷಿತಿಜದವರೆಗೆ ಹಬ್ಬಿದ್ದ, ಕ್ರೆಡಿಟ್ಟಿಲ್ಲದ ತನ್ನ ಮಣ್ಣನ್ನು ಕನಿಕರದಿಂದ ನೋಡಿ ಊಟಕ್ಕೆ ಕೂತ.

ಹೀಗೆ ಒಂದೊಂದೇ ಕಡ್ಡಾಯವನ್ನು ದಾಟಿ ಬಂದವಳಿಗೆ ಕೊನೆಯಲ್ಲಿ ಎದುರಾದವರು ತಾವು, ಭಾಷಣ ಕಲೆಯ ಮೂರು ಕ್ರೆಡಿಟ್ಟುಗಳು. ತಮ್ಮ ಮಹಿಮೆಯನ್ನು ನಾನು ಎಷ್ಟು ಹೊಗಳಿದರೂ ಕಡಿಮೆಯೇ. ದೂರದ ಊರಿನವರ ಅನುಕೂಲಕ್ಕೆಂದು ತಾವು ಆನ್‌ಲೈನಿನಲ್ಲಿ ದಯಪಾಲಿಸಲ್ಪಡುತ್ತೀರಿ. ಆದರೆ ಭಾಷಣವನ್ನು ಗೋಡೆಗೆ ಮಾಡಿದರೆ ತಮಗೆ ಸಲ್ಲುವುದಿಲ್ಲ. ಎದುರಿಗೆ ಎಂಟು ಮಂದಿ ವಯಸ್ಕರು ಕೂತಿರಬೇಕು, ಶುರುವಿನಲ್ಲೂ ಕೊನೆಯಲ್ಲೂ ಆ ಎಂಟೂ ಮುಖಗಳು ಕ್ಯಾಮೆರಾದಲ್ಲಿ ಕಾಣಬೇಕು. ಮಕ್ಕಳು ಲೆಕ್ಕಕ್ಕಿಲ್ಲ. ನಾಯಿ ಲೆಕ್ಕಕ್ಕಿಲ್ಲ. ಪಕ್ಕದ, ದನ ಸಾಕುವ ರಾಂಚಿನ ಎಂಟು ವಯಸ್ಕ ಹೋರಿಗಳ ಬಗ್ಗೆ ನಾನು ಕೇಳಲಿಲ್ಲ, ಉತ್ತರ ಊಹಿಸಿಕೊಂಡೆ. ಜಾಗದ ಪರಿಚಯವಿಲ್ಲದವರಿಗೆ ಎಂಟು ಎಂಬುದು ಸಣ್ಣ ಸಂಖ್ಯೆಯಾಗಿ ಕಾಣಬಹುದು. ಆಗ್ನೆಸ್‌ನಲ್ಲಿ ಎಂಟು ಜನ ವಯಸ್ಕರು ಒಂದೇ ಕಡೆ ಸುಮ್ಮನೆ ಕೂರಬೇಕಾದರೆ ಯಾರಾದರೂ ಸತ್ತಿರಬೇಕು.

ಇನ್ನು ಮಾತು. ನಮ್ಮೂರಿನವರು ಅದರಲ್ಲಿ ಬಲು ಮಿತವ್ಯಯಿಗಳು. ಎದುರಿನಿಂದ ಬರುವ ಪಿಕಪ್ ಗಾಡಿಗೆ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಿದರೆ ಕುಶಲ, ಹವಾಮಾನ, ಸಂತಾಪ ಎಲ್ಲವೂ ಮುಗಿಯಿತು. ಊಟ ಅಮೃತದಂತಿದ್ದರೆ "ಪರವಾಗಿಲ್ಲ" ಎನ್ನುತ್ತಾರೆ. ಕೊಟ್ಟಿಗೆ ಸುಟ್ಟು ಬೂದಿಯಾದರೆ "ಸ್ವಲ್ಪ ಬಿಸಿ ಆಯ್ತು" ಎನ್ನುತ್ತಾರೆ. ಎಲ್ಡನ್ ನನ್ನನ್ನು ಮದುವೆಗೆ ಕೇಳಿದ್ದು "ಜೂನ್ ತಿಂಗಳ ಕೊನೇಲಿ ನಿನಗೇನಾದ್ರೂ ಕೆಲ್ಸ ಇದೆಯಾ?" ಎಂದು. ವಿಷಯ ದೊಡ್ಡದಾದಷ್ಟೂ ಮಾತು ಚಿಕ್ಕದಾಗುವುದು ಇಲ್ಲಿಯ ಸಂಪ್ರದಾಯ. ಯಾರಾದರೂ "ಏನಿಲ್ಲ ಬಿಡಿ, ಸಣ್ಣ ವಿಷ್ಯ" ಎಂದು ಶುರು ಮಾಡಿದರೆ ಉಳಿದವರು ಕಾಫಿಯ ಲೋಟ ಕೆಳಗಿಡುತ್ತಾರೆ. ಇಂಥ ಊರಿನಲ್ಲಿ ಏಳು ನಿಮಿಷ ಎಡೆಬಿಡದೆ ಮಾತನಾಡುವ ವಿದ್ಯೆಯನ್ನು ನನಗೆ ಕಲಿಸಲು ತಾವು ಮನಸ್ಸು ಮಾಡಿದ್ದು ತಮ್ಮ ಹಿರಿಮೆ.

ಮೊದಲನೆಯದು ಮಾಹಿತಿ ಭಾಷಣ, ಮಾರ್ಚ್ ತಿಂಗಳಿನಲ್ಲಿ. ಮೂರು ವರ್ಷದ ಮಗುವಿಗೆ ಹಿಮದ ಬೂಟು ತೊಡಿಸುವ ವಿಧಾನ ಎಂಬ ವಿಷಯ ಆಯ್ದುಕೊಂಡೆ. ಅಗ್ನಿಶಾಮಕ ದಳದವರ ವಾರದ ಸಭೆಗೆ ಒಂದು ದೊಡ್ಡ ಪಾತ್ರೆ ಚಿಲಿ, ಅಂದರೆ ನಮ್ಮ ಕಾಳು-ಮಾಂಸದ ಖಾರದ ಸಾರು, ಅದರ ಜೋಡಿಗೆ ದಾಲ್ಚಿನ್ನಿಯ ಸಿಹಿ ಬನ್ನು ಹೊತ್ತುಕೊಂಡು ಹೋಗಿ, ಎಂಟು ಜನರನ್ನು ಬಟ್ಟಲಿನ ಮುಂದೆ ಕಟ್ಟಿಹಾಕಿದೆ. ಅವರು ನಮ್ಮ ಪದ್ಧತಿಯಂತೆ ಟೋಪಿ ಹಣೆಗೆ ಎಳೆದುಕೊಂಡು, ಕೈ ಕಟ್ಟಿಕೊಂಡು, ಸಿಮೆಂಟು ನೆಲವನ್ನು ನೋಡುತ್ತಾ ಅತ್ಯಂತ ಗೌರವದಿಂದ ಕೇಳಿದರು. ಎಡಗಾಲಿನ ಬೂಟು ಮುಗಿದು ಬಲಗಾಲಿಗೆ ಬಂದಿದ್ದೆನಷ್ಟೆ, ಎಲ್ಲರ ಸೊಂಟದ ಪೇಜರುಗಳೂ ಒಟ್ಟಿಗೆ ಕಿರುಚಿಕೊಂಡವು. ಪಶ್ಚಿಮದ ಹುಲ್ಲುಗಾವಲಿಗೆ ಬೆಂಕಿ. ಏಳು ಜನ ಬಟ್ಟಲು ಬಿಟ್ಟು ಗಾಡಿ ಹತ್ತಿ ಹೋದರು. ಉಳಿದವರು ಮುದುಕ ಮರ್ಲ್ ಮಾತ್ರ, ಕಿವಿಯ ಯಂತ್ರ ಮನೆಯಲ್ಲಿ ಮರೆತು ಬಂದಿದ್ದರಿಂದ. ಬಲಗಾಲಿನ ಬೂಟನ್ನು ನಾನು ಮರ್ಲ್‌ಗೂ ಏಳು ಬಟ್ಟಲು ಚಿಲಿಗೂ ವಿವರಿಸಿದೆ. ಮುಗಿದ ಮೇಲೆ ಅವರು ಹತ್ತಿರ ಬಂದು, "ನಂಗೇನೂ ಕೇಳಿಸ್ಲಿಲ್ಲ ಕಣಮ್ಮ, ಆದ್ರೂ ಪರವಾಗಿಲ್ಲ ಅನ್ನಿಸ್ತು. ಅವ್ರು ಹಂಗೆ ಎದ್ದು ಹೋಗ್ಬಾರ್ದಿತ್ತು" ಎಂದು ಸಮಾಧಾನ ಹೇಳಿದರು.

ತಮ್ಮ ಪ್ರತಿನಿಧಿಯಾದ ಬೋಧಕಿ ಟೆಸ್ಸಾ ಮಾರ್ಚೆಟ್ಟಿ ಅವರು, ಪರದೆಯ ಮೇಲೆ ಸದಾ ನಗುನಗುತ್ತಾ ಇರುವ ಒಳ್ಳೆಯ ಹೆಣ್ಣುಮಗಳು, ಬಹಳ ನಯವಾಗಿ ಅಭಿಪ್ರಾಯ ತಿಳಿಸಿದರು: "ಲವಾನ್, ನಿಮ್ಮ ಕೇಳುಗರು ತೊಡಗಿಕೊಂಡ ಹಾಗೆ ಕಾಣ್ಲಿಲ್ಲ. ಮೊದಲರ್ಧ ನಿದ್ದೆ ಮಾಡಿದ್ರು, ಎರಡನೇ ಅರ್ಧ ಓಡಿಹೋದ್ರು." ಅವರು ನಿದ್ದೆ ಮಾಡುತ್ತಿರಲಿಲ್ಲ, ಗೌರವ ಕೊಡುತ್ತಿದ್ದರು, ಓಡಿಹೋಗಲಿಲ್ಲ, ಬೆಂಕಿ ಆರಿಸಲು ಹೋದರು ಎಂದು ಬರೆದೆ. "ಅರ್ಥ ಆಗುತ್ತೆ. ಆದ್ರೆ ಕೊನೇಲಿ ಎಂಟು ಮುಖ ಕಾಣ್ಬೇಕು ಅಂತ ನಿಯಮ ಇದೆಯಲ್ವಾ" ಎಂದರು. ಅಂಕಗಳು ಕೈಕಾಲು ಮುರಿದುಕೊಂಡು ಬಂದವು. ಇನ್ನು ಉಳಿದದ್ದು ಮನವೊಲಿಸುವ ಭಾಷಣ ಒಂದೇ. ಅದು ಚೆನ್ನಾಗಿ ಆಗದಿದ್ದರೆ ತಾವಿಲ್ಲ, ತಾವಿಲ್ಲದಿದ್ದರೆ ಪದವಿಯಿಲ್ಲ, ಪದವಿಯಿಲ್ಲದಿದ್ದರೆ ಆಗಸ್ಟಿಗೆ ನನ್ನ ಕೋಣೆಗೆ ಬೀಗ.

ಈ ಹಂತದಲ್ಲಿಯೇ ತಮ್ಮಲ್ಲಿ ಒಂದು ವಿನಂತಿ ಮಾಡಿಕೊಳ್ಳೋಣವೆಂದು ನನಗೆ ಅನ್ನಿಸಿತ್ತು: ತಾವು ಮೂವರೂ ಖುದ್ದಾಗಿ ದಯಮಾಡಿಸಿ ಮುಂದಿನ ಸಾಲಿನಲ್ಲಿ ಆಸೀನರಾದರೆ ನಾನು ಇನ್ನು ಐದು ಜನರನ್ನು ಮಾತ್ರ ಹುಡುಕಿದರೆ ಸಾಕಾಗುತ್ತಿತ್ತು. ಬನ್ನು ನಾನೇ ಮಾಡುತ್ತಿದ್ದೆ. ಪ್ರಯಾಣದ ಆಯಾಸ ತಮಗೇಕೆಂದು ಸುಮ್ಮನಾದೆ. ಆ ದಾಕ್ಷಿಣ್ಯಕ್ಕೆ ಈಗ ನನ್ನನ್ನೇ ಬೈದುಕೊಳ್ಳುತ್ತಿದ್ದೇನೆ.

ಮನವೊಲಿಕೆಗೆ ನಾನು ಮೊದಲು ಆರಿಸಿದ ವಿಷಯ, ಆಗ್ನೆಸ್‌ನ ಶಿಶುತರಗತಿ ಉಳಿಯಬೇಕು ಎಂಬುದು. ನನ್ನ ಹೊಟ್ಟೆಯೊಳಗಿದ್ದ ಮಾತೇ ಅದು. ಟೆಸ್ಸಾ ಅವರು ಒಪ್ಪಲಿಲ್ಲ. "ನಿಮ್ಮ ಊರಿನವರೆಲ್ಲ ಇದಕ್ಕೆ ಆಗ್ಲೇ ಹೂಂ ಅಂದಿದ್ದಾರಲ್ಲ. ಒಪ್ಪಿದವರನ್ನ ಒಪ್ಪಿಸೋದು ಮನವೊಲಿಕೆ ಅಲ್ಲ. ಕೇಳುಗರು ವಿರೋಧಿಸೋ ವಿಷ್ಯ ತಗೊಳ್ಳಿ" ಎಂದರು. ಆಗ್ನೆಸ್‌ನವರೆಲ್ಲ ಒಕ್ಕೊರಲಿನಿಂದ ವಿರೋಧಿಸುವ ವಿಷಯ ಯಾವುದೆಂದು ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ. ಅದರ ಹೆಸರು ಆರ್ವಿಕ್. ನಮ್ಮಿಂದ ಅರ್ಧ ಗಂಟೆಯ ದಾರಿಯ ಪಕ್ಕದೂರು. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಆರ್ವಿಕ್‌ನವರು ಕೌಂಟಿ, ಅಂದರೆ ಜಿಲ್ಲಾ, ಕಚೇರಿಯ ದಫ್ತರಗಳನ್ನು ಕುದುರೆಗಾಡಿಗೆ ಹೇರಿಕೊಂಡು ಹೋಗಿ, ಕಚೇರಿ ಇನ್ನು ಮೇಲೆ ನಮ್ಮದೇ ಎಂದುಬಿಟ್ಟರಂತೆ. ಅವತ್ತಿನಿಂದ ಆರ್ವಿಕ್ ಕಡೆಯಿಂದ ಬರುವ ಮಳೆಯೂ ನಮಗೆ ಅಷ್ಟಾಗಿ ಹಿಡಿಸುವುದಿಲ್ಲ. ಆದ್ದರಿಂದ ಅತ್ಯಂತ ಸುರಕ್ಷಿತವಾದ ವಿಷಯವೆಂದು ನಂಬಿ, ಆಗ್ನೆಸ್‌ನ ಶಿಶುತರಗತಿಯನ್ನು ಆರ್ವಿಕ್‌ನ ಶಿಶುತರಗತಿಯೊಂದಿಗೆ ಸೇರಿಸಬೇಕು ಎಂದು ಬರೆದು ಕಳಿಸಿದೆ. ನೆನೆದ ಬೆಂಕಿಕಡ್ಡಿ ಗೀರಿದಂತೆ, ಎಷ್ಟು ಗೀರಿದರೂ ಹತ್ತಿಕೊಳ್ಳುವ ಭಯವಿಲ್ಲ ಎಂಬುದು ನನ್ನ ಲೆಕ್ಕಾಚಾರ. ಟೆಸ್ಸಾ ಅವರಿಗೆ ಬಹಳ ಸಂತೋಷವಾಯಿತು.

ಈ ಸಲ ಪೇಜರ್ ಇರುವ ಯಾರನ್ನೂ ಕರೆಯಬಾರದೆಂದು ನಿಶ್ಚಯಿಸಿದೆ. ನಮ್ಮೂರಿನಲ್ಲಿ ಅಗ್ನಿಶಾಮಕ ದಳದಲ್ಲಿ ಇಲ್ಲದ ವಯಸ್ಕರು ಎಂದರೆ ಶಾಲಾ ಮಂಡಳಿಯವರು. ಎಲ್ಡನ್, ಪೇಜರ್ ಇದ್ದೂ ಕೇಳಿಸದ ಮರ್ಲ್, ಅಡುಗೆಯ ಇಬ್ಬರು ಹೆಂಗಸರು, ಮತ್ತೆ ಮಂಡಳಿಯ ನಾಲ್ವರು, ಹೀಗೆ ಎಂಟು ಜನರನ್ನು ಶಾಲೆಯ ಊಟದ ಮನೆಯಲ್ಲಿ ಕೂಡಿಸಿ, ಚಿಲಿ ಬಡಿಸಿ, ಕ್ಯಾಮೆರಾದ ಗುಂಡಿ ಒತ್ತುವಷ್ಟರಲ್ಲಿ ಮಂಡಳಿಯ ಕಾರ್ಯದರ್ಶಿ ಆರ್ಲಿಸ್ ವೊಂಡ್ರಾ ಪೆನ್ನು ಎತ್ತಿದಳು.

"ತಡಿ ತಡಿ, ಲವಾನ್. ಮಂಡಳಿಯೋರು ನಾಲ್ಕು ಜನ ಇದ್ದೀವಿ ಇಲ್ಲಿ. ಆರರಲ್ಲಿ ನಾಲ್ಕು. ಇಷ್ಟು ಜನ ಕೂತು ಶಾಲೆ ವಿಷ್ಯ ಕೇಳಿದ್ರೆ ಅದು ಸಭೆ ಆಗುತ್ತೆ. ಮೊದ್ಲೇ ನೋಟೀಸ್ ಹಾಕ್ದೆ ಸಭೆ ಮಾಡಿದ್ರೆ ಕಾನೂನು ಸುಮ್ನಿರಲ್ಲ."

"ಇದು ಹೋಮ್‌ವರ್ಕ್ ಕಣೆ ಆರ್ಲಿಸ್."

"ಹೋಮ್‌ವರ್ಕ್ ಅನ್ನೋ ಪದ ಕಾನೂನಲ್ಲಿ ಎಲ್ಲೂ ಇಲ್ಲ. ನಾನು ಓದಿದ್ದೀನಿ."

ಓದಿದ್ದಾಳೆ, ಮಾನ್ಯರೇ, ಅದೇ ಅವಳ ಕಷ್ಟ. ನಾಲ್ವರೂ ಕಾನೂನಿಗೆ ಹೆದರಿ ಹವಾಮಾನದ ವಿಷಯ ಮಾತ್ರ ಆಡುತ್ತಾ ನನ್ನ ಚಿಲಿ ತಿಂದು ಮುಗಿಸಿದರು. ಮಂಡಳಿ ಬಿಟ್ಟು ಬೇರೆ ನಾಲ್ವರನ್ನು ಹುಡುಕೋಣವೆಂದರೆ ಅದು ಕರುಗಳಿಗೆ ಗುರುತಿನ ಬರೆ ಹಾಕುವ ಕಾಲ, ಊರಿನ ಗಂಡಸರು ಹೆಂಗಸರೆಲ್ಲ ಬಯಲಿನಲ್ಲಿ. ಭಾಷಣ ಒಪ್ಪಿಸುವ ಗಡುವು ಕತ್ತಿನ ಮೇಲೆ. "ನೋಟೀಸ್ ಹಾಕಿ ಮುಂದಿನ ಸಭೇಲಿ ಇಟ್ಕೊಳ್ಳೋಣ. ನಿನಗೂ ಜನ ಸಿಗ್ತಾರೆ, ನಮಗೂ ತಪ್ಪಾಗಲ್ಲ" ಎಂದು ಆರ್ಲಿಸ್ ದಾರಿ ತೋರಿಸಿದಳು. ಸ್ನೇಹಿತೆಯ ಉಪಕಾರವೆಂದು ಭಾವಿಸಿ ಒಪ್ಪಿಕೊಂಡೆ. ಅಂಚೆ ಕಚೇರಿಯ ಗೋಡೆಗೆ, ದನದ ಮೇವಿನ ಅಂಗಡಿಯ ಬಾಗಿಲಿಗೆ, ಬಾರಿನ ಕಿಟಕಿಗೆ ಅವಳ ದುಂಡು ಅಕ್ಷರದ ಹಾಳೆ ಅಂಟಿತು: ಶಿಶುತರಗತಿಯನ್ನು ಆರ್ವಿಕ್‌ಗೆ ಸೇರಿಸುವ ಕುರಿತು, ಮಂಡಿಸುವವರು ಲವಾನ್ ಪೊಕೊರ್ನಿ.

ಅಂಚೆ ಕಚೇರಿಯಲ್ಲಿ ಹಾಳೆಯನ್ನು ಓದಿದವರು ನನ್ನನ್ನು ನೋಡಿ ನಿಲ್ಲುತ್ತಿದ್ದರು. ನಾನು ನಿಜವನ್ನೇ ಹೇಳಿದೆ, "ಏನಿಲ್ಲ, ಸುಮ್ನೆ ಕಾಲೇಜಿಂದು, ಸಣ್ಣ ವಿಷ್ಯ" ಎಂದೆ. ಆಗ್ನೆಸ್‌ನಲ್ಲಿ ಕ್ಯಾನ್ಸರ್ ಆದವರು ಹೇಳುವುದೂ ಇದೇ ಧಾಟಿಯಲ್ಲಿ ಎಂಬುದು ನನಗೆ ಆ ಕ್ಷಣದಲ್ಲಿ ಹೊಳೆಯಲಿಲ್ಲ. ಕೇಳಿದವರು ನನ್ನ ಭುಜ ಮುಟ್ಟಿ ಹೋದರು. ಮೇವಿನ ಅಂಗಡಿಯವನು ಹೊರೆಯನ್ನು ತಾನೇ ಗಾಡಿಗೆ ಹಾಕಿಕೊಟ್ಟ. ಜನ ಎಷ್ಟು ಒಳ್ಳೆಯವರಾಗಿಬಿಟ್ಟರೆಂದು ಎಲ್ಡನ್‌ಗೆ ಹೇಳಿದೆ. "ಹೂಂ, ಅದೇ ಯಾಕೋ" ಎಂದು ಅವನು ಗಡ್ಡ ಕೆರೆದುಕೊಂಡ.

ಸಭೆಯ ದಿನ ಎಂಟು ಜನರನ್ನು ಹುಡುಕಬೇಕಾಗಲಿಲ್ಲ. ಬಯಲಿನಿಂದ ನೇರವಾಗಿ ಬಂದವರು ಬೂಟಿನ ಸಗಣಿ ಒರೆಸಿಕೊಂಡು ಗೋಡೆಗುಂಟ ಸಾಲಾಗಿ ನಿಂತಿದ್ದರು. ಮಂಡಳಿಯ ಅಧ್ಯಕ್ಷ ಡೆಲ್ಬರ್ಟ್ ರಾಟ್ಜೆನ್ ಮೇಜು ಕುಟ್ಟಿ ನನ್ನ ಹೆಸರು ಕರೆದರು. ನಾನು ಕ್ಯಾಮೆರಾ ಹಚ್ಚಿದೆ. ಯಾವುದಕ್ಕೆ ಎಷ್ಟು ಅಂಕವೆಂದು ತಮ್ಮ ಅಂಕಪಟ್ಟಿ ಹೇಳಿದ ಹಾಗೆಯೇ ಮಾಡಿದೆ, ಸ್ವಾಮಿ, ಒಂದಕ್ಷರ ತಪ್ಪಲಿಲ್ಲ. ಪುರಾವೆಗೆ ಅಂಕವಿತ್ತು, ನಮ್ಮಲ್ಲಿ ಐದು ಮಕ್ಕಳು, ಆರ್ವಿಕ್‌ನಲ್ಲಿ ಆರು, ಎರಡೂ ಕಡೆ ಅರ್ಧ ಖಾಲಿ ಕೋಣೆಗಳು ಎಂದೆ. ಎದುರಾಳಿಯ ವಾದವನ್ನು ಗೌರವಿಸುವುದಕ್ಕೆ ಅಂಕವಿತ್ತು. ದಫ್ತರ ಕದ್ದವರ ವಂಶದ ಕುಡಿಗಳು ಈಗ ನಾಲ್ಕು ವರ್ಷದವರಾಗಿದ್ದು, ಅವರ ಬಳಿ ಯಾವ ದಫ್ತರವೂ ಇಲ್ಲವೆಂದೆ. ಭಾವನೆಗೂ ಅಂಕವಿತ್ತು. ಹಾಗಾಗಿ ಟ್ಯಾಟಮ್‌ಳ ಮಾತು ತೆಗೆದೆ.

ಟ್ಯಾಟಮ್ ನಮ್ಮ ತರಗತಿಯ ಒಬ್ಬಳೇ ನಾಲ್ಕು ವರ್ಷದವಳು. ಉಳಿದ ನಾಲ್ಕು ಇನ್ನೂ ತೊದಲುವ, ಬಿದ್ದೆದ್ದು ಓಡುವ ಚಿಕ್ಕವು, ಅವುಗಳಿಗೆ ಅವುಗಳದೇ ಜೋಡಿ. ಅಂಗಳದ ಏರಿಳಿಯುವ ಸೀಸಾ ಹಲಗೆಯ ಒಂದು ತುದಿಯಲ್ಲಿ ಅವಳು ಕೂತಿರುತ್ತಾಳೆ, ಇನ್ನೊಂದು ತುದಿಯನ್ನು ನಾನು ಕೈಯಲ್ಲಿ ಒತ್ತುತ್ತಿರುತ್ತೇನೆ. ಮೊನ್ನೆ ಅವಳು ಮೇಲೆ ಹೋದಾಗ, "ಮಿಸ್ ಲವಾನ್, ನೀವು ಒತ್ತೋದು ಬೇಡ, ಆ ಕಡೆ ಯಾರಾದ್ರೂ ನಗ್ಬೇಕು" ಎಂದಿದ್ದಳು. ಇದನ್ನು ನಾನು ಅಂಕಕ್ಕಾಗಿಯೇ ಹೇಳಲು ಹೊರಟಿದ್ದೆ, ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದ್ದೆ. ಆದರೆ ಅಲ್ಲಿ ನಿಂತು ಹೇಳುವಾಗ ಆ ಅಭ್ಯಾಸವೆಲ್ಲ ಮರೆತುಹೋಯಿತು, ಏಕೆಂದರೆ ಅದು ನಿಜವಾಗಿತ್ತು. ಟೋಪಿಗಳೆಲ್ಲ ಒಂದೊಂದಾಗಿ ಮೇಲೆದ್ದವು. ಇಡೀ ಆಗ್ನೆಸ್ ತಲೆ ಎತ್ತಿ ನನ್ನ ಮುಖವನ್ನೇ ನೋಡಿತು. ತಾವು ಬಯಸಿದ ತೊಡಗಿಕೊಳ್ಳುವಿಕೆ ಎಂದರೆ ಇದೇ ಇರಬೇಕು. ನನಗೆ ಹೆದರಿಕೆಯಾಯಿತು.

ಇನ್ನು ಉಳಿದದ್ದು ಕ್ರಿಯೆಗೆ ಕರೆ. ಅದು ಸ್ಪಷ್ಟವಾಗಿರಬೇಕು, ತಕ್ಷಣದ್ದಾಗಿರಬೇಕು, ಕೇಳುಗರ ಕೈಯಲ್ಲಿ ಸಾಧ್ಯವಿರುವಂಥದ್ದಾಗಿರಬೇಕು ಎಂದು ತಮ್ಮ ಪಟ್ಟಿಯಲ್ಲಿ ದಪ್ಪಕ್ಷರದಲ್ಲಿದೆ. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಇದು ಬರೀ ಪಾಠವೆಂದು ಅಲ್ಲಿ ಒಂದು ಮಾತು ಸೇರಿಸಿದರೆ ಕರೆಯೂ ಹೋಯಿತು, ಅಂಕವೂ ಹೋಯಿತು, ತಾವೂ ಹೋದಿರಿ, ನನ್ನ ಕೋಣೆಯೂ ಹೋಯಿತು. ಆದ್ದರಿಂದ ನನ್ನ ಕೋಣೆಯನ್ನು ಉಳಿಸಿಕೊಳ್ಳುವ ಸಲುವಾಗಿ, ನನ್ನ ಕೋಣೆಯನ್ನು ಇಂದೇ ಮುಚ್ಚಿರಿ ಎಂದು ಗಟ್ಟಿ ದನಿಯಲ್ಲಿ ಕರೆಕೊಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದಾರೆ. ಅದಕ್ಕೆ ಎಷ್ಟು ಕ್ರೆಡಿಟ್ಟೆಂದು ಅವರು ಹೇಳಲಿಲ್ಲ.

ಕಾರ್ಯಸೂಚಿಯಲ್ಲಿದ್ದ ವಿಷಯವನ್ನು ಅತಂತ್ರವಾಗಿ ಬಿಡುವುದು ನಮ್ಮವರಿಗೆ ಅಸಭ್ಯವಾಗಿ ಕಾಣುತ್ತದೆ. ಡೆಲ್ಬರ್ಟ್ ಕೆಮ್ಮಿದರು. "ಲವಾನ್ ಇಷ್ಟು ಹೊತ್ತು ಮಾತಾಡಿದ್ದು ನಾನು ಹುಟ್ಟಿದಾಗಿಂದ ನೋಡಿಲ್ಲ. ತನ್ನ ಕೆಲ್ಸ ಹೋಗುತ್ತೆ ಅಂತ ಗೊತ್ತಿದ್ದೂ ಬಂದು ಹೇಳ್ತಾಳೆ ಅಂದ್ರೆ, ನಾವು ಯೋಚಿಸ್ಬೇಕಾಗುತ್ತೆ" ಎಂದರು. ಒಬ್ಬರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು. ನಾನು "ತಡೀರಿ, ತಡೀರಿ, ಇದು ಬರೀ ಪಾಠ, ಏನಿಲ್ಲ ಇದು" ಎಂದು ಕೈ ಅಡ್ಡ ಹಿಡಿದೆ. "ನಮಗೆ ಗೊತ್ತು ಲವಾನ್, ಕೂತ್ಕೊ" ಎಂದು ಡೆಲ್ಬರ್ಟ್ ಎಷ್ಟು ಮೃದುವಾಗಿ ಹೇಳಿದರೆಂದರೆ, ಹಿಂದೆ ನಿಂತಿದ್ದ ಗಂಡಸರು ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ಆರರಲ್ಲಿ ಐದು ಕೈಗಳು ಮೇಲೆ ಬಂದವು. ಆರನೆಯವರು ಆರ್ವಿಕ್ ಎಂಬ ಹೆಸರಿಗೇ ಕೈ ಎತ್ತದವರು. ಜೀವಮಾನದಲ್ಲಿ ಮೊದಲ ಸಲ ನಾನು ಅವರ ದ್ವೇಷವನ್ನು ಮನಸಾರೆ ಮೆಚ್ಚಿದೆ.

ವಿಡಿಯೋವನ್ನು ಹಾಗೆಯೇ ಕಳಿಸಿದೆ. ಬೇರೆ ಏನು ಮಾಡಲಿ, ಗಡುವು ಮರುದಿನವೇ ಇತ್ತು. ಟೆಸ್ಸಾ ಅವರ ಉತ್ತರ ಎರಡೇ ದಿನದಲ್ಲಿ ಬಂತು: "ಲವಾನ್, ಅದ್ಭುತ! ಕ್ರಿಯೆಗೆ ಕರೆ ಅಂದ್ರೆ ಹೀಗಿರ್ಬೇಕು. ಕೊನೇಲಿ ಕೇಳುಗರ ಕೈಲಿ ಮತ ಹಾಕೋ ನಾಟಕ ಮಾಡ್ಸಿದ್ರಲ್ಲ, ಎಂಥಾ ಸೃಜನಶೀಲತೆ! ಟೋಪಿ ತೆಗೆದು ನಿಂತ್ರಲ್ಲ, ಅವ್ರಂತೂ ಎಷ್ಟು ಸಹಜವಾಗಿ ಅಭಿನಯಿಸಿದ್ದಾರೆ!" ಪೂರ್ಣ ಅಂಕ. ಅವತ್ತೇ ತಾವು ಮೂವರೂ ಹಸಿರುಟ್ಟುಕೊಂಡು ನನ್ನ ಹೆಸರಿನ ಮುಂದೆ ಬಂದು ಕೂತಿರಿ, ಪದವಿ ಪೂರ್ಣಗೊಂಡಿದೆಯೆಂದು ಕಾಲೇಜು ಅಭಿನಂದಿಸಿತು, ಎಲ್ಡನ್ "ಪರವಾಗಿಲ್ಲ" ಎಂದು ಹೇಳಿ ನನ್ನ ಬೆನ್ನು ಸವರಿ ಕೊಟ್ಟಿಗೆಗೆ ಹೋಗಿ ಬಹಳ ಹೊತ್ತು ಒಳಗೆ ಬರಲಿಲ್ಲ.

ಡೆಲ್ಬರ್ಟ್ ಮನೆಗೆ ಹೋಗಿ ಕೇಳಿಕೊಂಡೆ. ಠರಾವು ವಾಪಸು ತೆಗೆದುಕೊಳ್ಳಿ, ಅದು ನನ್ನ ಮಾತಲ್ಲ, ಅಂಕಪಟ್ಟಿಯ ಮಾತು ಎಂದೆ. ಅವರು ಬೇಲಿಗೆ ಒರಗಿ ಕೇಳಿಸಿಕೊಂಡು, "ಆಯ್ತು. ಹಾಗಾದ್ರೆ ನೀನು ಹೇಳಿದ್ದಕ್ಕೆ ನೀನೇ ಉತ್ತರ ಕೊಡು. ಟ್ಯಾಟಮ್ ಎದುರಿಗೆ ಯಾರು ಕೂರ್ತಾರೆ?" ಎಂದರು. ಏಳು ನಿಮಿಷ ಮಾತಾಡಲು ಕಲಿತವಳು ನಾನು. ಅವರ ಬೇಲಿಯ ಗೂಟಗಳನ್ನು ಎಣಿಸಿದೆ, ಏಳರವರೆಗೆ. "ನೋಡ್ದ್ಯಾ" ಎಂದರು ಅವರು, ಗೆದ್ದವರ ಹಾಗಲ್ಲ. ಮನೆಗೆ ಬರುವ ದಾರಿಯಲ್ಲಿ ಗಾಡಿ ನಿಲ್ಲಿಸಿ ಅತ್ತೆ, ಮಾನ್ಯರೇ. ಕೋಣೆ ಹೋಯಿತೆಂದು ಅತ್ತೆ, ಅದು ಹೋದದ್ದು ಸರಿಯೆಂದೂ ಅತ್ತೆ. ಆರ್ವಿಕ್‌ನಲ್ಲಿ ಶಿಕ್ಷಕಿ ಆಗಲೇ ಇದ್ದಾಳೆ. ಚಿಕ್ಕ ವಯಸ್ಸು, ಚುರುಕು, ತಕ್ಕ ಪದವಿಯೂ ಇದೆ, ಇಬ್ಬರಿಗೆ ಅಲ್ಲಿ ಜಾಗವಿಲ್ಲ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಪ್ರಯತ್ನಪಟ್ಟೆ. ಅವಳೇ ಫೋನು ಮಾಡಿ "ನಿಮ್ಮ ಮಕ್ಕಳಿಗೆ ಯಾವ ಹಾಡು ಇಷ್ಟ, ಹೇಳ್ತೀರಾ?" ಎಂದು ಕೇಳಿ, ಅದನ್ನೂ ಕೆಡಿಸಿದಳು.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಬೇಡಿಕೆಗಳು ಇಂತಿವೆ. ತಮ್ಮಲ್ಲಿ ಒಬ್ಬರಾದರೂ ದೊಡ್ಡ ಮನಸ್ಸು ಮಾಡಿ ಶಾಲಾ ಮಂಡಳಿಯ ಮುಂದಿನ ಸಭೆಗೆ ಬಂದು, ಭಾಷಣ ಚೆನ್ನಾಗಿತ್ತೇ ಹೊರತು ಅದನ್ನು ನಂಬಬೇಕಾಗಿರಲಿಲ್ಲ ಎಂದು ಸಾಕ್ಷಿ ನುಡಿಯಬೇಕು; ಆರ್ಲಿಸ್ ನೋಟೀಸು ಹಾಕುತ್ತಾಳೆ. ಅದು ಆಗದಿದ್ದರೆ, ಒಪ್ಪಿದವರನ್ನು ಒಪ್ಪಿಸಿ ಸುಮ್ಮನೆ ಮನೆಗೆ ಹೋಗುವ ಭಾಷಣವೊಂದನ್ನು ಮುಂದಿನ ವರ್ಷದಿಂದ ಪಾಠದಲ್ಲಿ ಸೇರಿಸಬೇಕು. ಬಹಳ ಸಂಸಾರಗಳೂ ಊರುಗಳೂ ಅದರಿಂದಲೇ ನಿಂತಿವೆ. ಅದೂ ಆಗದಿದ್ದರೆ, ಹೇಳಿದ ಮಾತನ್ನು ಹಿಂದಕ್ಕೆ ನುಂಗುವ ವಿದ್ಯೆಗೆ ಒಂದು ಕ್ರೆಡಿಟ್ಟಾದರೂ ಏರ್ಪಾಟು ಮಾಡಬೇಕು. ಮೊದಲನೆಯ ತಂಡಕ್ಕೆ ನಾನು ಹೆಸರು ಕೊಡುತ್ತೇನೆ, ಎಂಟು ಜನರನ್ನೂ ಕರೆತರುತ್ತೇನೆ. ಇಷ್ಟೆಲ್ಲ ಆದ ಮೇಲೂ ತಮ್ಮ ಬಗ್ಗೆ ನನಗೆ ಗೌರವ ಕುಂದಿಲ್ಲ. ತಾವು ಭರವಸೆ ಕೊಟ್ಟಂತೆ ನನ್ನನ್ನು ಸರ್ವಾಂಗೀಣ ವ್ಯಕ್ತಿಯನ್ನಾಗಿ ಮಾಡಿದ್ದೀರಿ. ಕೆಲಸವೊಂದನ್ನು ಬಿಟ್ಟರೆ ನನ್ನಲ್ಲಿ ಈಗ ಎಲ್ಲವೂ ಇದೆ.

ಏಳು ನಿಮಿಷ ಮೀರಿದ್ದಕ್ಕೆ ಕ್ಷಮೆ ಕೋರುತ್ತಾ,

ತಮ್ಮ ವಿಶ್ವಾಸಿ,
ಲವಾನ್ ಪೊಕೊರ್ನಿ, ಎರಡು ವರ್ಷದ ಪದವೀಧರೆ,
ಆಗ್ನೆಸ್.

ಮರೆತಿದ್ದ ಮಾತು: ಆಗಸ್ಟಿನಿಂದ ನಮ್ಮ ಐವರು ಮಕ್ಕಳನ್ನು ದಿನಾ ಆರ್ವಿಕ್‌ಗೆ ಕರೆದೊಯ್ದು ವಾಪಸು ತರಲು ಮಂಡಳಿ ಒಂದು ವ್ಯಾನು ಕೊಳ್ಳುತ್ತಿದೆ. ಅದನ್ನು ಓಡಿಸುವ ಕೆಲಸಕ್ಕೆ ನಿನ್ನೆ ಅರ್ಜಿ ಕೊಟ್ಟು ಬಂದೆ. ಬೇರೆ ಯಾರೂ ಅರ್ಜಿ ಹಾಕುವುದಿಲ್ಲವೆಂದು ಊರು ತನ್ನಷ್ಟಕ್ಕೆ ತೀರ್ಮಾನಿಸಿದೆ. ನನ್ನನ್ನು ಕಂಡವರೆಲ್ಲ ಬೆರಳು ಎತ್ತುತ್ತಿದ್ದಾರೆ. ಸಾಮಾನ್ಯ ಶಿಕ್ಷಣದ ಕ್ರೆಡಿಟ್ಟು ಏನಾದರೂ ಬೇಕಾಗುತ್ತದೆಯೇ ಎಂದು ಆರ್ಲಿಸ್‌ಳನ್ನು ಎರಡು ಸಲ ಕೇಳಿದೆ, ಬೇಡವಂತೆ. ಆದರೂ ತಾವು ನನ್ನ ಹೆಸರಿಗೆ ಅಂಟಿಕೊಂಡೇ ಇರುವುದರಿಂದ ಬಿಟ್ಟು ಹೋಗುವುದು ಮರ್ಯಾದೆಯಲ್ಲ. ಹಿಂದಿನ ಸಾಲಿನಲ್ಲಿ ಮೂರು ಸೀಟು ಖಾಲಿ ಇವೆ; ದಯಮಾಡಿಸಿ, ಬೆಲ್ಟು ಹಾಕಿಕೊಳ್ಳಿ, ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡಿರಿ.